ಅಮೆರಿಕದಲ್ಲಿ ವೆಟ್ ಆಗಬೇಕು ಅನ್ನುವ ಮಗಳು ಕಾಲೇಜಿನಲ್ಲಿ ಯಾವ ಮೇಜರ್ ತಗೋಬೇಕು?

ಪ್ರಶ್ನೆ: ನಮ್ಮ ಊರು ಹಾಸನ, ಈಗ ಇರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಮಗಳು ಹನ್ನೊಂದನೇ ಕ್ಲಾಸು, ಹುಟ್ಟಿದ್ದು ಇಲ್ಲೇ. ಪ್ರಾಣಿಗಳ ಡಾಕ್ಟರ್ ಆಗುತ್ತೇನೆ ಅಂತ ಚಿಕ್ಕಂದಿನಿಂದ ಹೇಳುತ್ತಾಳೆ. ಕಾಲೇಜಿನಲ್ಲಿ ಅನಿಮಲ್ ಸೈನ್ಸ್ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬೇಕಂತೆ. ಬಯೋಕೆಮಿಸ್ಟ್ರಿ ಓದಲಿ, ಮನಸ್ಸು ಬದಲಾದರೆ ಮನುಷ್ಯರ ಡಾಕ್ಟರ್ ಆದರೂ ಆಗಬಹುದು ಅನ್ನುವುದು ನಮ್ಮ ಮನೆಯವರ ಮಾತು. ನಮ್ಮ ಭಾವ ಬಯೋಮೆಡಿಕಲ್ ಎಂಜಿನಿಯರಿಂಗ್ ಮಾಡಿಸಿ ಅನ್ನುತ್ತಾರೆ. ಯಾವುದು ಸರಿ? ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿಸಿ ವಾಪಸ್ ಕರೆಸಿಕೊಂಡರೆ ಸುಲಭವಾಗುತ್ತಾ? ಇನ್ನೊಂದು ವಿಷಯ, ನಾವು ಸಸ್ಯಾಹಾರಿಗಳು. ಅನಿಮಲ್ ಸೈನ್ಸ್‌ನಲ್ಲಿ ಮಾಂಸದ ಪಾಠ, ಕಸಾಯಿಖಾನೆ ಎಲ್ಲ ಇರುತ್ತೆ ಅಂತಾರೆ, ನಿಜವಾ?

ಉತ್ತರ:

ನಾನೂ ನಿಮ್ಮ ಕಡೆಯವಳೇ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಹೆಬ್ಬಾಳದಲ್ಲಿ ಬಿವಿಎಸ್ಸಿ ಅನ್ನುವ ಪಶುವೈದ್ಯ ಡಿಗ್ರಿ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದು, ಇಲ್ಲಿನ ಪರೀಕ್ಷೆಗಳನ್ನೆಲ್ಲ ಬರೆದು, ಈಗ ಪೆನ್ಸಿಲ್ವೇನಿಯಾದ ಹಾಲಿನ ಫಾರ್ಮುಗಳ ನಡುವೆ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಹಸುಗಳು, ಮಧ್ಯಾಹ್ನದ ಮೇಲೆ ನಾಯಿ ಬೆಕ್ಕುಗಳು. ನಮ್ಮ ಕ್ಲಿನಿಕ್ಕಿಗೆ ಪ್ರತಿ ಬೇಸಿಗೆಯಲ್ಲೂ ಕಾಲೇಜು ಮಕ್ಕಳು ಬರುತ್ತಾರೆ. ಅವರಿಗೆ ಶಿಫಾರಸು ಪತ್ರ ಬರೆದಿದ್ದೇನೆ. ಯಾರಿಗೆ ಸೀಟು ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾಕೆ ಸಿಗಲಿಲ್ಲ ಅನ್ನುವುದನ್ನೂ ನೋಡಿದ್ದೇನೆ. ಆ ನೋಟದಿಂದಲೇ ಹೇಳುತ್ತೇನೆ.

ಮೊದಲು ನೇರ ಉತ್ತರ. ಮೇಜರ್‌ನ ಹೆಸರು ನೋಡಿ ಯಾವ ವೆಟ್ ಕಾಲೇಜೂ ಸೀಟು ಕೊಡುವುದಿಲ್ಲ. ಅನಿಮಲ್ ಸೈನ್ಸ್ ಆದರೂ ಸರಿ, ಬಯೋಕೆಮಿಸ್ಟ್ರಿ ಆದರೂ ಸರಿ, ಇತಿಹಾಸ ಆದರೂ ಸರಿ. ಅವರು ನೋಡುವುದು ತಾವು ಕೇಳಿರುವ ಕೋರ್ಸುಗಳನ್ನು ಓದಿದ್ದಾಳಾ, ಅದರಲ್ಲಿ ಎಷ್ಟು ಗ್ರೇಡು ಬಂತು, ಪ್ರಾಣಿಗಳ ಜೊತೆ, ವೆಟ್‌ಗಳ ಜೊತೆ ಎಷ್ಟು ಕಾಲ ನಿಜವಾಗಿ ಕೆಲಸ ಮಾಡಿದ್ದಾಳೆ ಅಂತ. ಹಾಗಾಗಿ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಜಗಳ ಹೆಸರಿನ ಮೇಲಿನ ಜಗಳ. ನಿಜವಾದ ಪ್ರಶ್ನೆ ಬೇರೆ: ಯಾವ ಮೇಜರ್ ತಗೊಂಡರೆ ಅವಳಿಗೆ ಒಳ್ಳೆ ಗ್ರೇಡು ಬರುತ್ತದೆ, ಕೈಯಲ್ಲಿ ದುಡ್ಡು ಉಳಿಯುತ್ತದೆ, ಮತ್ತು ವೆಟ್ ಸೀಟು ಸಿಗದೇ ಹೋದರೂ ಆ ಡಿಗ್ರಿ ಹಿಡಿದು ಖುಷಿಯಾಗಿ ಬದುಕುತ್ತಾಳೆ? ಈ ಮೂರಕ್ಕೂ ನಿಮ್ಮ ಮಗಳು ಹೇಳುತ್ತಿರುವುದೇ ಬಹುಮಟ್ಟಿಗೆ ಸರಿ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಊರಿನ ಲೆಕ್ಕ ತಲೆಯಲ್ಲಿ ಇಟ್ಟುಕೊಂಡರೆ ಇಲ್ಲಿಯದು ಗೊಂದಲ ಮಾಡುತ್ತದೆ. ನಮ್ಮಲ್ಲಿ ಪಿಯುಸಿ ಸೈನ್ಸ್ ಮುಗಿಸಿ ಸಿಇಟಿ ಬರೆದರೆ ಸೀದಾ ಬಿವಿಎಸ್ಸಿ. ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಇಲ್ಲಿ ಹೈಸ್ಕೂಲಿನ ಮೇಲೆ ನಾಲ್ಕು ವರ್ಷದ ಕಾಲೇಜು, ಅದರ ಮೇಲೆ ನಾಲ್ಕು ವರ್ಷ ವೆಟ್ ಕಾಲೇಜು, ಆಮೇಲೆ ಡಿವಿಎಂ ಅನ್ನುವ ವೆಟ್ ಡಿಗ್ರಿ. ಫಿಲಡೆಲ್ಫಿಯಾದ ಪೆನ್ ಒಂದು ಕಡೆ ಮಾತ್ರ ಅದೇ ಡಿಗ್ರಿಗೆ ವಿಎಂಡಿ ಅನ್ನುತ್ತಾರೆ. ಮೊದಲ ನಾಲ್ಕು ವರ್ಷದ ಕಾಲೇಜಿನಲ್ಲಿ 'ಪ್ರೀ-ವೆಟ್' ಅನ್ನುವ ಮಾತು ಕೇಳುತ್ತೀರಿ. ಹೆಚ್ಚಿನ ಕಡೆ ಅದು ಮೇಜರ್ ಅಲ್ಲ, ದಾರಿ ತೋರಿಸುವ ಒಂದು ಸಲಹಾ ವ್ಯವಸ್ಥೆ ಅಷ್ಟೆ. ಕೆಲವು ಕಡೆ ಮೇಜರ್‌ಗೇ ಆ ಹೆಸರಿದೆ, ನಿಮಗೆ ಹತ್ತಿರದ ಡೆಲಾವೇರ್ ಯೂನಿವರ್ಸಿಟಿಯಲ್ಲಿ ಇದೆ. ಹೆಸರಿನಲ್ಲಿ ವೆಟ್ ಇದೆ ಅಂತ ಸೀಟಿನ ಗ್ಯಾರಂಟಿ ಏನೂ ಇಲ್ಲ.

ಈಗ ಆ ಕೋರ್ಸುಗಳ ಪಟ್ಟಿಗೆ ಬರೋಣ. ಇಲ್ಲಿಯ ಮಕ್ಕಳು ಇದನ್ನು ಪ್ರೀರೆಕ್ಸ್ ಅನ್ನುತ್ತಾರೆ. ಬಹುತೇಕ ಎಲ್ಲ ವೆಟ್ ಕಾಲೇಜುಗಳೂ ಕೇಳುವುದು ಲ್ಯಾಬ್ ಸಮೇತ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್. ಅದರ ಮೇಲೆ ಒಂದೊಂದು ಕಾಲೇಜಿನದು ಒಂದೊಂದು ಬೇಡಿಕೆ. ಕೆಲವರಿಗೆ ಜೆನೆಟಿಕ್ಸ್ ಬೇಕು, ಕೆಲವರಿಗೆ ಮೈಕ್ರೋಬಯಾಲಜಿ, ಕೆಲವರಿಗೆ ಪ್ರಾಣಿಗಳ ಆಹಾರ ಶಾಸ್ತ್ರ, ಇನ್ನು ಕೆಲವರಿಗೆ ಇಂಗ್ಲಿಷ್ ಬರವಣಿಗೆ, ಸಭೆಯಲ್ಲಿ ಮಾತಾಡುವ ಕೋರ್ಸು. ಕ್ಯಾಲಿಫೋರ್ನಿಯಾದ ಡೇವಿಸ್‌ನವರು ಜೆನೆಟಿಕ್ಸ್, ಬಯೋಕೆಮಿಸ್ಟ್ರಿ, ಫಿಸಿಯಾಲಜಿ ಮೂರನ್ನೂ ಮೇಲಿನ ಹಂತದ ಕೋರ್ಸುಗಳಾಗಿಯೇ ಓದಿರಬೇಕು ಅನ್ನುತ್ತಾರೆ. ದೇಶದಲ್ಲಿ ಮಾನ್ಯತೆ ಇರುವ ಕಾಲೇಜುಗಳು ಮೂವತ್ತಕ್ಕೂ ಹೆಚ್ಚು. ಒಂದರ ಪಟ್ಟಿ ಇನ್ನೊಂದರ ಪಟ್ಟಿಗೆ ಪೂರ್ತಿ ಹೊಂದುವುದಿಲ್ಲ.

ಮಕ್ಕಳು ಎಡವುವುದು ಇಲ್ಲೇ. ನಮ್ಮಲ್ಲಿಗೆ ಬಂದಿದ್ದ ಒಬ್ಬ ಹುಡುಗಿಗೆ ಗ್ರೇಡು ಚೆನ್ನಾಗಿತ್ತು, ದನ ಹಿಡಿಯುವ ಕೈ ಅದಕ್ಕಿಂತ ಚೆನ್ನಾಗಿತ್ತು. ಮೂರನೇ ವರ್ಷದ ಕೊನೆಗೆ ಗೊತ್ತಾಯಿತು, ಅವಳು ಓದಿದ್ದ ಫಿಸಿಕ್ಸ್‌ಗೆ ಲ್ಯಾಬ್ ಇರಲಿಲ್ಲ, ಅವಳಿಗೆ ಬೇಕಿದ್ದ ಕಾಲೇಜು ಲ್ಯಾಬ್ ಕೇಳುತ್ತಿತ್ತು. ಒಂದು ಕೋರ್ಸಿಗೋಸ್ಕರ ಒಂದು ವರ್ಷ ಹೋಯಿತು. ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಎಪಿ ಕೋರ್ಸುಗಳದೂ ಇದೇ ಕಥೆ. ಎಪಿ ಬಯಾಲಜಿಯಲ್ಲಿ ಐದಕ್ಕೆ ಐದು ಬಂದರೆ ಕೆಲವು ಕಾಲೇಜು ಒಪ್ಪುತ್ತವೆ, ಕೆಲವು ಅದರ ಬದಲು ಕಾಲೇಜಿನಲ್ಲೇ ಇನ್ನೂ ಮೇಲಿನ ಬಯಾಲಜಿ ಓದಿ ಬಾ ಅನ್ನುತ್ತವೆ. ಅದಕ್ಕೇ ನಿಮ್ಮ ಮಗಳಿಗೆ ಹೇಳಿ, ಕಾಲೇಜು ಸೇರಿದ ಮೊದಲ ತಿಂಗಳಲ್ಲೇ ಏಳೆಂಟು ವೆಟ್ ಕಾಲೇಜುಗಳನ್ನು ಆರಿಸಿ ಅವುಗಳ ಬೇಡಿಕೆಯನ್ನೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿಕೊಳ್ಳಲಿ. ಪ್ರತಿ ವರ್ಷ ಒಮ್ಮೆ ತೆಗೆದು ನೋಡಲಿ, ಯಾಕೆಂದರೆ ಬೇಡಿಕೆಗಳು ಬದಲಾಗುತ್ತಿರುತ್ತವೆ. ಹಿಂದೆ ಹೆಚ್ಚಿನವರು ಮೇಲಿನ ಓದಿಗೆ ಬರೆಯುವ ಪ್ರವೇಶ ಪರೀಕ್ಷೆ ಜಿಆರ್‌ಇ ಕೇಳುತ್ತಿದ್ದರು, ಈಗ ಬಹುತೇಕರು ಬಿಟ್ಟಿದ್ದಾರೆ.

ಇನ್ನು ಗ್ರೇಡಿನ ವಿಷಯ. ನಿಮ್ಮ ಭಾವನ ಸಲಹೆ ನನಗೆ ಒಪ್ಪಿಗೆಯಾಗದಿರುವುದು ಇಲ್ಲಿ. ಎಂಜಿನಿಯರಿಂಗ್ ಕೆಟ್ಟದ್ದಲ್ಲ, ಅದನ್ನು ಓದಿ ವೆಟ್ ಆದವರೂ ಇದ್ದಾರೆ. ಆದರೆ ಎಂಜಿನಿಯರಿಂಗ್‌ನ ಪಾಠಗಳೇ ನಾಲ್ಕು ವರ್ಷ ತುಂಬಿಕೊಂಡಿರುತ್ತವೆ. ಮೈಕ್ರೋಬಯಾಲಜಿ, ಜೆನೆಟಿಕ್ಸ್, ಪ್ರಾಣಿಗಳ ಆಹಾರ ಇವನ್ನೆಲ್ಲ ಅದರ ಮೇಲೆ ಹೇರಬೇಕು. ಭಾರ ಜಾಸ್ತಿಯಾದಾಗ ಗ್ರೇಡು ಜಾರುತ್ತದೆ. ವೆಟ್ ಕಾಲೇಜಿಗೆ ಸೇರುವವರ ಜಿಪಿಎ (ನಾಲ್ಕಕ್ಕೆ ಲೆಕ್ಕ ಹಾಕುವ ಗ್ರೇಡಿನ ಅಂಕ) ಸರಾಸರಿ 3.6ರ ಆಸುಪಾಸು ಇರುತ್ತದೆ. ಕಷ್ಟದ ಮೇಜರ್ ಪಾಪ, 3.2 ಬಂದರೂ ಪರವಾಗಿಲ್ಲ ಅಂತ ರಿಯಾಯಿತಿ ಕೊಡುವವರು ಕಡಿಮೆ. ಅರ್ಜಿ ಹೋಗುವ ವಿಎಂಕ್ಯಾಸ್ ಅನ್ನುವ ವ್ಯವಸ್ಥೆಯಲ್ಲಿ ಒಂದು ಕೋರ್ಸನ್ನು ಎರಡನೇ ಸಲ ತಗೊಂಡು ಎ ತಂದರೂ ಮೊದಲ ಸಲದ ಸಿ ಅಳಿಸಿ ಹೋಗುವುದಿಲ್ಲ, ಎರಡೂ ಲೆಕ್ಕಕ್ಕೆ ಬರುತ್ತವೆ. ಅದಕ್ಕೇ ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಜೆನೆಟಿಕ್ಸ್ ಮೂರನ್ನೂ ಒಂದೇ ಸೆಮಿಸ್ಟರಿಗೆ ತುರುಕಬೇಡಿ. ಮೊದಲ ವರ್ಷ ಬಯಾಲಜಿ, ಜನರಲ್ ಕೆಮಿಸ್ಟ್ರಿ. ಎರಡನೇ ವರ್ಷ ಆರ್ಗ್ಯಾನಿಕ್, ಜೊತೆಗೆ ಸ್ಟ್ಯಾಟಿಸ್ಟಿಕ್ಸ್. ಮೂರನೇ ವರ್ಷಕ್ಕೆ ಬಯೋಕೆಮಿಸ್ಟ್ರಿ, ಫಿಸಿಕ್ಸ್, ಮೈಕ್ರೋಬಯಾಲಜಿ. ಹೀಗೆ ಹರಡಿಕೊಂಡು ಓದಲಿ. ಮೂರು ವರ್ಷ ಅಂತ ಯಾಕೆ ಹೇಳಿದೆ ಅಂದರೆ, ಎಡೆಬಿಡದೆ ಸೇರಬೇಕಾದರೆ ಮೂರನೇ ವರ್ಷ ಮುಗಿದ ಬೇಸಿಗೆಯಲ್ಲಿ ಅರ್ಜಿ ತುಂಬಬೇಕು, ಗಡುವು ಸೆಪ್ಟೆಂಬರ್ ನಡುವಿಗೆ ಬರುತ್ತದೆ. ನಾಲ್ಕನೇ ವರ್ಷದ ಅಂಕಗಳನ್ನು ಅವರು ಆಗ ನೋಡಿರುವುದೇ ಇಲ್ಲ.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಮನುಷ್ಯರ ಡಾಕ್ಟರ್ ಆಗುವ ಬಾಗಿಲು ತೆರೆದಿರಲಿ ಅನ್ನುವುದು ಅಪ್ಪನಾದವರ ಕಾಳಜಿ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕೆ ಬಯೋಕೆಮಿಸ್ಟ್ರಿ ಮೇಜರ್ರೇ ಬೇಕಿಲ್ಲ. ಮೆಡಿಕಲ್ ಸ್ಕೂಲುಗಳೂ ಮೇಜರ್ ಹೆಸರು ನೋಡುವುದಿಲ್ಲ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಎರಡು ಕಡೆಗೂ ಒಂದೇ. ಅನಿಮಲ್ ಸೈನ್ಸ್ ಓದಿದವಳು ಸೈಕಾಲಜಿ, ಸೋಶಿಯಾಲಜಿ ಒಂದೊಂದು ಕೋರ್ಸು ಸೇರಿಸಿಕೊಂಡು ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಬರೆದರೆ ಆ ಬಾಗಿಲೂ ತೆರೆದೇ ಇರುತ್ತದೆ. ಬಯೋಕೆಮಿಸ್ಟ್ರಿಯನ್ನೇ ಪ್ರೀತಿಸುವ ಮಕ್ಕಳಿದ್ದಾರೆ, ಅವರು ಅದನ್ನೇ ಓದಲಿ. ನಿಮ್ಮ ಮಗಳು ಅದನ್ನು ಕೇಳಿದ್ದಾಳಾ? ಇಲ್ಲ ಅಲ್ವಾ.

ಅನಿಮಲ್ ಸೈನ್ಸ್ ಯಾಕೆ ಅವಳಿಗೆ ಹೊಂದುತ್ತದೆ ಅಂತ ಈಗ ಹೇಳುತ್ತೇನೆ. ಎಡಿಸನ್‌ನಲ್ಲಿ ಬೆಳೆದ ಹುಡುಗಿ. ದನದ ಕೊಟ್ಟಿಗೆ ನೋಡಿದ್ದರೆ ರಜೆಗೆ ಅಜ್ಜಿ ಮನೆಗೆ ಹೋದಾಗ ಮಾತ್ರ ನೋಡಿರಬೇಕು. ಇಲ್ಲಿ ಅಯೋವಾ, ವಿಸ್ಕಾನ್ಸಿನ್ ಕಡೆ ಹಳ್ಳಿಯಲ್ಲಿ ಬೆಳೆದ ಮಕ್ಕಳಿಗೆ ಕರು ಹಾಕಿಸುವುದು, ಹಾಲು ಕರೆಯುವುದು, ಕುರಿ ಹಿಡಿದು ನಿಲ್ಲಿಸುವುದು ಎಲ್ಲ ಆಟವಾಡುತ್ತಲೇ ಬಂದಿರುತ್ತದೆ. ನಮ್ಮ ಮಕ್ಕಳಿಗೆ ಅದು ಎಲ್ಲಿಂದ ಬರಬೇಕು? ಕೃಷಿ ಕಲಿಸುವುದಕ್ಕೆ ಅಂತಲೇ 1862ರ ಮೊರಿಲ್ ಕಾಯ್ದೆಯಿಂದ ಬೆಳೆದ ಯೂನಿವರ್ಸಿಟಿಗಳು ಇಲ್ಲಿ ಪ್ರತಿ ರಾಜ್ಯದಲ್ಲೂ ಇವೆ. ನ್ಯೂಜೆರ್ಸಿಯದು ರಟ್ಗರ್ಸ್, ನಿಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರ. ಅಲ್ಲಿಯ ಕುಕ್ ಕ್ಯಾಂಪಸ್ಸಿನಲ್ಲಿ ಹಸು, ಕುರಿ, ಮೇಕೆ, ಹಂದಿ, ಕುದುರೆ ಎಲ್ಲ ಇರುವ ಫಾರ್ಮ್ ಇದೆ. ಅನಿಮಲ್ ಸೈನ್ಸ್ ಮಕ್ಕಳು ಆ ಫಾರ್ಮಿನಲ್ಲೇ ಕಲಿಯುತ್ತಾರೆ, ಕೆಲಸವನ್ನೂ ಮಾಡುತ್ತಾರೆ. ಪ್ರಾಣಿಗಳ ಆಹಾರ, ಜೆನೆಟಿಕ್ಸ್, ಸಂತಾನೋತ್ಪತ್ತಿ ಇವೆಲ್ಲ ಮೇಜರ್ ಒಳಗೇ ಬರುವುದರಿಂದ ಪ್ರೀರೆಕ್ಸ್‌ಗಾಗಿ ಬೇರೆ ಓಡಾಟ ಕಡಿಮೆ. ಪಾಠ ಹೇಳುವವರಲ್ಲಿ ವೆಟ್ ಕಾಲೇಜುಗಳ ಪರಿಚಯ ಇರುವವರು ಇರುತ್ತಾರೆ. ಪೆನ್ ಸ್ಟೇಟ್‌ನಲ್ಲಿ ವೆಟರ್ನರಿ ಆ್ಯಂಡ್ ಬಯೋಮೆಡಿಕಲ್ ಸೈನ್ಸಸ್ ಅನ್ನುವ ಮೇಜರ್ ಇದೆ, ಅದೂ ಚೆನ್ನಾಗಿದೆ, ಆದರೆ ಅಲ್ಲಿ ನೀವು ಹೊರ ರಾಜ್ಯದವರ ಫೀಸು ಕಟ್ಟಬೇಕು.

ದುಡ್ಡಿನ ಮಾತು ಎತ್ತಿದ ಮೇಲೆ ಅದನ್ನು ಪೂರ್ತಿ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ, ನನ್ನ ಪ್ರಕಾರ ಮೇಜರ್‌ಗಿಂತ ದೊಡ್ಡ ವಿಷಯ ಇದು. ಸಾಲ ಮಾಡಿ ವೆಟ್ ಓದಿದವರು ಹೊರಗೆ ಬರುವಾಗ ತಲೆ ಮೇಲೆ ಸರಾಸರಿ ಎರಡು ಲಕ್ಷ ಡಾಲರಿನ ಆಸುಪಾಸು ಸಾಲ ಇರುತ್ತದೆ. ಮನುಷ್ಯರ ಡಾಕ್ಟರ ಸಂಬಳ ನಮಗಿಲ್ಲ, ಸಾಲ ಮಾತ್ರ ಅವರಷ್ಟೇ. 2025ರಲ್ಲಿ ಬಂದ ಕಾನೂನಿನಿಂದ ಇನ್ನೊಂದು ಬದಲಾವಣೆ ಆಗಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರಾಡ್ ಪ್ಲಸ್ ಅನ್ನುವ ಕೇಂದ್ರ ಸರ್ಕಾರದ ಸಾಲ ಇಲ್ಲ. ವೆಟ್ ಓದುವವರಿಗೆ ಕೇಂದ್ರದ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್, ಅಷ್ಟಕ್ಕೇ ಮಿತಿ. ಹೊರ ರಾಜ್ಯದವರಿಗೆ ಬರೀ ಫೀಸೇ ಹಲವು ಕಡೆ ವರ್ಷಕ್ಕೆ 50,000 ದಾಟುತ್ತದೆ, ಊಟ ವಸತಿ ಬೇರೆ. ಉಳಿದಿದ್ದಕ್ಕೆ ಬ್ಯಾಂಕಿನ ಬಾಗಿಲು ತಟ್ಟಬೇಕು, ಇಲ್ಲಾ ಅಪ್ಪ ಅಮ್ಮ ಕೊಡಬೇಕು.

ಹೀಗಿರುವಾಗ ಮೊದಲ ನಾಲ್ಕು ವರ್ಷದ ಕಾಲೇಜಿಗೇ ಮೂರು ಲಕ್ಷ ಡಾಲರ್ ಸುರಿಯಬೇಡಿ. ನಮ್ಮ ಜನಕ್ಕೆ ಹೆಸರಾಂತ ಕಾಲೇಜಿನ ಮೋಹ ಜಾಸ್ತಿ. ಮದುವೆ ಮನೆಯಲ್ಲಿ ಮಗಳು ಎಲ್ಲಿ ಓದ್ತಿದ್ದಾಳೆ ಅಂತ ಕೇಳಿದಾಗ ಹೇಳುವುದಕ್ಕೆ ಚೆನ್ನಾಗಿರುತ್ತದೆ. ವೆಟ್ ಕಾಲೇಜಿನವರಿಗೆ ಆ ಹೆಸರಿನ ಮೇಲೆ ಅಷ್ಟು ಮೋಹ ಇಲ್ಲ. ಸ್ವಂತ ರಾಜ್ಯದ ಯೂನಿವರ್ಸಿಟಿಯಲ್ಲಿ ಒಳ್ಳೆ ಗ್ರೇಡು ತಂದವಳು, ಸಾಲ ಇಲ್ಲದೆ ವೆಟ್ ಕಾಲೇಜಿನ ಬಾಗಿಲಿಗೆ ಬಂದವಳು, ಅವಳ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಆಯ್ಕೆ ಇರುತ್ತದೆ. ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಆಮೇಲೆ ಸೇರಿದ ಮಕ್ಕಳೂ ವೆಟ್ ಆಗಿದ್ದಾರೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ.

ನಿಮಗೆ ಒಂದು ಒಳ್ಳೆ ಸುದ್ದಿಯೂ ಇದೆ. ನ್ಯೂಜೆರ್ಸಿಯಲ್ಲಿ ಇಷ್ಟು ವರ್ಷ ವೆಟ್ ಕಾಲೇಜೇ ಇರಲಿಲ್ಲ, ಮಕ್ಕಳೆಲ್ಲ ಹೊರ ರಾಜ್ಯಕ್ಕೆ ಹೋಗಿ ದುಬಾರಿ ಫೀಸು ಕಟ್ಟುತ್ತಿದ್ದರು. ದಕ್ಷಿಣ ಜೆರ್ಸಿಯ ರೋವನ್ ಯೂನಿವರ್ಸಿಟಿ ಈಗ ಶುರು ಮಾಡಿದೆ, ಮೊದಲ ಬ್ಯಾಚ್ ಸೇರಿದ್ದು 2025ರಲ್ಲಿ. ಹೊಸ ಕಾಲೇಜುಗಳಿಗೆ ಪೂರ್ತಿ ಮಾನ್ಯತೆ ಸಿಗುವುದು ಮೊದಲ ಬ್ಯಾಚ್ ಮುಗಿಯುವ ಹೊತ್ತಿಗೆ. ನಿಮ್ಮ ಮಗಳು ಅರ್ಜಿ ಹಾಕುವಷ್ಟರಲ್ಲಿ ಅದು ತಿಳಿಯಾಗಿರುತ್ತದೆ. ಅವಳ ಎಕ್ಸೆಲ್ ಶೀಟಿನ ಮೊದಲ ಸಾಲು ರೋವನ್ ಇರಲಿ.

ಇದನ್ನು ಓದುತ್ತಿರುವವರಲ್ಲಿ ಎಚ್-4 (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾಕ್ಕೆ ಅಂಟಿಕೊಂಡ) ವೀಸಾದಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರು ಇದ್ದೇ ಇರುತ್ತೀರಿ. ನಿಮಗೆ ಒಂದು ಮಾತು. ಇಪ್ಪತ್ತೊಂದು ತುಂಬಿದರೆ ಎಚ್-4 ಮುಗಿಯುತ್ತದೆ, ಅದು ಸರಿಯಾಗಿ ವೆಟ್ ಕಾಲೇಜಿಗೆ ಅರ್ಜಿ ಹಾಕುವ ಹೊತ್ತು. ಕೇಂದ್ರದ ಸಾಲ ಗ್ರೀನ್ ಕಾರ್ಡ್ ಇಲ್ಲದ ಮಕ್ಕಳಿಗೆ ಸಿಗುವುದಿಲ್ಲ, ಕೆಲವು ಸರ್ಕಾರಿ ವೆಟ್ ಕಾಲೇಜುಗಳು ಹೊರ ದೇಶದ ವಿದ್ಯಾರ್ಥಿಗಳನ್ನು ತಗೊಳ್ಳುವುದೇ ಇಲ್ಲ. ಅಂಥ ಮಕ್ಕಳಿಗೆ ಮೇಜರ್ ಆರಿಸುವಾಗ, ಅದರಿಂದಲೇ ಒಂದು ಕೆಲಸ ಸಿಗುವಂಥದ್ದನ್ನು ನೋಡುವುದು ಹೆಚ್ಚು ಮುಖ್ಯ.

ನಿಮ್ಮ ಮಗಳಿಗೂ ಎರಡನೇ ದಾರಿ ಬೇಕೇ ಬೇಕು. ವರ್ಷಕ್ಕೆ ಹತ್ತು ಸಾವಿರದ ಆಸುಪಾಸು ಮಂದಿ ಅರ್ಜಿ ಹಾಕುತ್ತಾರೆ, ಸೀಟು ಅದರ ಅರ್ಧಕ್ಕಿಂತ ಕಡಿಮೆ. ಎರಡು ಮೂರು ಸಲ ಹಾಕಿ ಸೇರಿದವರು ಬಹಳ ಮಂದಿ, ಬಿಟ್ಟು ಬೇರೆ ಕಡೆ ಹೋದವರೂ ಇದ್ದಾರೆ. ಅನಿಮಲ್ ಸೈನ್ಸ್ ಓದಿದವಳಿಗೆ ನ್ಯೂಜೆರ್ಸಿಯಲ್ಲಿ ಕೆಲಸ ಇಲ್ಲದಿಲ್ಲ. ಪ್ರಾಣಿಗಳ ಔಷಧ ಮಾಡುವ ಜೊಯೆಟಿಸ್‌ನ ಮುಖ್ಯ ಕಚೇರಿ ಇರುವುದು ಪಾರ್ಸಿಪನಿಯಲ್ಲಿ, ಮರ್ಕ್ ಇರುವುದು ರಾವೇಯಲ್ಲಿ, ಎರಡೂ ನಿಮ್ಮ ಸುತ್ತಮುತ್ತಲೇ. ಸ್ಟ್ಯಾಟಿಸ್ಟಿಕ್ಸ್ ಇಷ್ಟವಾದರೆ ಸಾರ್ವಜನಿಕ ಆರೋಗ್ಯದ ಕಡೆ ಹೋಗಬಹುದು. ನಮ್ಮ ಶಿವಮೊಗ್ಗದ ಮಂಗನ ಕಾಯಿಲೆ ನೆನಪಿದೆ ಅಲ್ವಾ? 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಸಾಯುತ್ತಿದ್ದ ಮಂಗಗಳೇ ಆ ರೋಗದ ಸುಳಿವು ಕೊಟ್ಟಿದ್ದು. ಪ್ರಾಣಿ, ರೋಗ ಹರಡುವ ಉಣ್ಣೆ ಹುಳ, ಮನುಷ್ಯ ಮೂರನ್ನೂ ಒಟ್ಟಿಗೆ ನೋಡುವ ಜನ ಎಲ್ಲ ದೇಶಕ್ಕೂ ಬೇಕು, ಅವರೆಲ್ಲ ವೆಟ್‌ಗಳೇ ಆಗಿರಬೇಕಿಲ್ಲ.

ಮೈನರ್ ಅಂತ ಒಂದು ಉಪ ವಿಷಯ ಸೇರಿಸಿಕೊಳ್ಳುವುದಾದರೆ ನನ್ನ ಓಟು ಸ್ಪ್ಯಾನಿಷ್‌ಗೆ. ದೊಡ್ಡ ಡೈರಿಗಳಲ್ಲಿ ಹಾಲು ಕರೆಯುವವರು, ಕರು ನೋಡಿಕೊಳ್ಳುವವರು ಹೆಚ್ಚಾಗಿ ಸ್ಪ್ಯಾನಿಷ್ ಮಾತಾಡುವವರು. ಯಾವ ಹಸುವಿಗೆ ಕೆಚ್ಚಲು ಬಾವು, ಯಾವುದು ನಿನ್ನೆಯಿಂದ ಮೇವು ಬಿಟ್ಟಿದೆ, ಯಾವುದಕ್ಕೆ ಕರು ಹಾಕಿದ ಮೇಲೆ ಕಸ ಬಿದ್ದಿಲ್ಲ ಅಂತ ಗೊತ್ತಿರುವುದು ಅವರಿಗೆ, ಮಾಲೀಕನಿಗಲ್ಲ. ನಾನು ಮೊದಲ ಎರಡು ವರ್ಷ ಕೈಸನ್ನೆಯಲ್ಲಿ ಕಳೆದೆ, ಅದರಿಂದ ಹಸುಗಳಿಗೆ ನಷ್ಟವಾಯಿತು ಅಂತ ಈಗಲೂ ಅನ್ನಿಸುತ್ತದೆ.

ಈಗ ಪ್ರಾಣಿಗಳ ಜೊತೆಗಿನ ಅನುಭವ. ಅರ್ಜಿಯಲ್ಲಿ ಇದನ್ನು ಎರಡಾಗಿ ಕೇಳುತ್ತಾರೆ. ಒಬ್ಬ ವೆಟ್‌ನ ಕೈಕೆಳಗೆ ಮಾಡಿದ ಕೆಲಸ ಒಂದು. ವೆಟ್ ಇಲ್ಲದೆ ಫಾರ್ಮ್, ಶೆಲ್ಟರ್, ಕುದುರೆ ಲಾಯಗಳಲ್ಲಿ ಮಾಡಿದ್ದು ಇನ್ನೊಂದು. ಗಂಟೆಗಳ ಲೆಕ್ಕವನ್ನು ಈಗಿನಿಂದಲೇ ಬರೆದಿಡಲಿ. ಯಾವ ದಿನ, ಎಲ್ಲಿ, ಏನು ಮಾಡಿದಳು, ಏನು ನೋಡಿದಳು. ನಾಲ್ಕು ವರ್ಷದ ಮೇಲೆ ನೆನಪಿರುವುದಿಲ್ಲ. ಪತ್ರ ಬರೆಯುವವರು ಕನಿಷ್ಠ ಮೂವರು ಬೇಕು, ಅದರಲ್ಲಿ ಒಬ್ಬರಾದರೂ ವೆಟ್ ಇರಲಿ ಅಂತ ಹೆಚ್ಚಿನವರು ಕೇಳುತ್ತಾರೆ. ಒಂದು ವಾರ ಮೂಲೆಯಲ್ಲಿ ನಿಂತು ನೋಡಿ ಹೋದವಳಿಗೆ ನಾನು ಏನಂತ ಬರೆಯಲಿ? ಎರಡು ವರ್ಷ ಶನಿವಾರ ಬಂದು ಬೋನು ತೊಳೆದು, ಬಟ್ಟೆ ಒಗೆದು, ಆಮೇಲೆ ನಾಯಿ ಹಿಡಿಯುವುದಕ್ಕೆ ಕಲಿತವಳ ಬಗ್ಗೆ ಎರಡು ಪುಟ ಬರೆಯಬಹುದು.

ನಿಮ್ಮ ಕಡೆ ಮಾರಿಸ್ಟೌನ್‌ನಲ್ಲಿ ಸೀಯಿಂಗ್ ಐ ಅನ್ನುವ ಸಂಸ್ಥೆ ಇದೆ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುತ್ತಾರೆ, 1929ರಲ್ಲಿ ಶುರುವಾಗಿದ್ದು. ಆ ಮರಿಗಳನ್ನು ಮೊದಲು ಮನೆಗಳಲ್ಲಿ ಸಾಕಲು ಕೊಡುತ್ತಾರೆ, ಹೈಸ್ಕೂಲು ಮಕ್ಕಳಿರುವ ಮನೆಗಳೂ ಸಾಕುತ್ತವೆ. ಒಂದು ವರ್ಷದ ಆಸುಪಾಸು ಜೊತೆಯಲ್ಲಿ ಮಲಗಿಸಿಕೊಂಡು ಬೆಳೆಸಿದ ಮರಿಯನ್ನು ವಾಪಸ್ ಕೊಡಬೇಕು, ಅದು ಕಷ್ಟ. ಆ ಕಷ್ಟ ತಡೆದುಕೊಂಡ ಮಕ್ಕಳಿಗೆ ಈ ಕೆಲಸದ ಒಂದು ದೊಡ್ಡ ಪಾಠ ಆಗಲೇ ಆಗಿರುತ್ತದೆ. ಫೋರ್-ಎಚ್ ಅನ್ನುವ ಮಕ್ಕಳ ಕ್ಲಬ್ಬುಗಳಲ್ಲಿ ಮೇಕೆ, ಹಸು ಸಾಕಲು ಕಲಿಸುತ್ತಾರೆ, ಸ್ವಂತ ಜಮೀನು ಬೇಕಂತಿಲ್ಲ.

ಹೆಬ್ಬಾಳದ ಪ್ರಶ್ನೆ. ನಾನು ಓದಿದ ಕಾಲೇಜು, 1958ರಿಂದ ಇರುವುದು, ಅಲ್ಲಿ ಕಲಿತದ್ದರ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಆದರೆ ಅಮೆರಿಕದಲ್ಲೇ ಕೆಲಸ ಮಾಡಬೇಕು ಅನ್ನುವ ಮಗಳನ್ನು ಸುಲಭ ಅಂತ ಅಲ್ಲಿಗೆ ಕಳಿಸಬೇಡಿ. ಓಸಿಐ ಕಾರ್ಡಿನ (ಹೊರ ದೇಶದ ಪೌರತ್ವದ, ಭಾರತ ಮೂಲದ) ಮಕ್ಕಳು ಎನ್‌ಆರ್‌ಐ ಕೋಟಾದ ಸೀಟನ್ನೇ ನೋಡಬೇಕು. ಓದಿ ಮುಗಿದ ಮೇಲೆ, ಇಲ್ಲಿನ ಮಾನ್ಯತೆ ಆ ಡಿಗ್ರಿಗೆ ಇಲ್ಲದ ಕಾರಣ, ಹೊರ ದೇಶದಲ್ಲಿ ಓದಿದ ವೆಟ್‌ಗಳ ಅರ್ಹತೆ ಪರೀಕ್ಷಿಸುವ ಇಸಿಎಫ್‌ವಿಜಿ ಅಥವಾ ಪೇವ್ ಅನ್ನುವ ದಾರಿ ಹಿಡಿಯಬೇಕು. ನಾನು ಮಾಡಿದ್ದು ಇಸಿಎಫ್‌ವಿಜಿ. ಮೊದಲು ಕಾಗದಪತ್ರ, ಇಂಗ್ಲಿಷ್, ಆಮೇಲೆ 225 ಪ್ರಶ್ನೆಗಳ ಒಂದು ಪರೀಕ್ಷೆ, ಕೊನೆಗೆ ಕೈಯಲ್ಲಿ ಮಾಡಿ ತೋರಿಸುವ ಮೂರು ದಿನದ ಪರೀಕ್ಷೆ. ಅದರಲ್ಲಿ ಏಳು ಭಾಗ. ಅರಿವಳಿಕೆಯ ಭಾಗದಲ್ಲಿ ಮೊದಲ ಸಲ ಫೇಲಾದೆ. ಮದುವೆ, ಮಗು, ವೀಸಾ ಅಂತ ಆರು ವರ್ಷ ಕೆಲಸ ಬಿಟ್ಟಿದ್ದೆ, ಕೈ ಮರೆತಿತ್ತು. ಇನ್ನೊಂದು ವರ್ಷ ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ನಿಂತು ಕಲಿತು ಮತ್ತೆ ಬರೆದೆ. ಇಷ್ಟೆಲ್ಲ ಆದ ಮೇಲೂ, ಇಲ್ಲಿ ಓದಿದವರ ಹಾಗೆ ನಾವ್ಲಿ ಅನ್ನುವ ಲೈಸೆನ್ಸ್ ಪರೀಕ್ಷೆ ಬರೆಯಲೇಬೇಕು. ಸಾವಿರಾರು ಡಾಲರ್ ಖರ್ಚು. ಊರಿನಲ್ಲೇ ದನದ ಡಾಕ್ಟರಾಗಿ ಇರುತ್ತೇನೆ ಅನ್ನುವ ಹುಡುಗಿಯಾದರೆ ಮಾತು ಬೇರೆ, ಅಂಥವಳಿಗೆ ಹೆಬ್ಬಾಳಕ್ಕೆ ಹೋಗು ಅಂತ ನಾನೇ ಬೆನ್ನು ತಟ್ಟುತ್ತೇನೆ. ಕ್ಯಾರಿಬಿಯನ್ ದ್ವೀಪಗಳ ರಾಸ್, ಸೇಂಟ್ ಜಾರ್ಜಸ್, ಸ್ಕಾಟ್ಲೆಂಡಿನ ಎಡಿನ್‌ಬರೋ, ಗ್ಲ್ಯಾಸ್ಗೋ ಇವಕ್ಕೆ ಇಲ್ಲಿಯ ಮಾನ್ಯತೆ ಇದೆ, ಹಾಗಾಗಿ ಆ ಅಡೆತಡೆ ಇಲ್ಲ, ಖರ್ಚು ಮಾತ್ರ ನೋಡಿಕೊಳ್ಳಿ.

ಕೊನೆಯದು, ಮಾಂಸದ ಪಾಠ. ಇದನ್ನು ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ನಮ್ಮ ಜನ ಮನಸ್ಸಿನಲ್ಲಿ ಇಟ್ಟುಕೊಂಡು ಒದ್ದಾಡುತ್ತಾರೆ, ಕೇಳುವುದಿಲ್ಲ.

ನಿಜ, ಇರುತ್ತದೆ. ಅನಿಮಲ್ ಸೈನ್ಸ್ ಬೆಳೆದಿದ್ದೇ ಹಾಲು, ಮಾಂಸ, ಮೊಟ್ಟೆಯ ಸುತ್ತ. ಹಲವು ಯೂನಿವರ್ಸಿಟಿಗಳಲ್ಲಿ ಮಾಂಸ ವಿಜ್ಞಾನದ ಕೋರ್ಸು ಇದೆ, ಕೆಲವು ಕಡೆ ಪ್ರಾಣಿಯನ್ನು ಕಡಿಯುವುದನ್ನೂ ತೋರಿಸುತ್ತಾರೆ. ವೆಟ್ ಓದುವ ಮಕ್ಕಳಿಗೆ ಬಹಳ ಕಡೆ ಅದು ಕಡ್ಡಾಯ ಅಲ್ಲ, ಅದರ ಬದಲು ಬೇರೆ ಕೋರ್ಸು ತಗೋಬಹುದು. ಪ್ರತಿ ಕಾಲೇಜಿನ ಪಟ್ಟಿ ತೆಗೆದು ನೋಡಿ. ಆದರೆ ಮೇಜರ್ ಬದಲಾಯಿಸಿದ ಮಾತ್ರಕ್ಕೆ ಈ ವಿಷಯದಿಂದ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಬಯೋಕೆಮಿಸ್ಟ್ರಿ ಓದಿ ವೆಟ್ ಕಾಲೇಜಿಗೆ ಹೋದರೂ ಅಲ್ಲಿ ಸತ್ತ ಪ್ರಾಣಿಗಳನ್ನು ಕೊಯ್ದು ಕಲಿಯಬೇಕು, ಹಂದಿ, ಕೋಳಿ, ಮಾಂಸದ ದನಗಳ ರೋಗಗಳನ್ನೂ ಓದಬೇಕು. ಇಲ್ಲಿ ಲೈಸೆನ್ಸ್ ಎಲ್ಲ ಪ್ರಾಣಿಗಳಿಗೂ ಸೇರಿ ಒಂದೇ, ಬೆಕ್ಕಿನ ಡಾಕ್ಟರಿಗೂ ಹಸುವಿನ ಪ್ರಶ್ನೆ ಬರುತ್ತದೆ. ಆಮೇಲೆ ಪ್ರಾಣಿಗಳಿಗೆ ನೋವಿಲ್ಲದ ಸಾವು ಕೊಡುವುದು. ಅದು ನಮ್ಮ ವಾರದ ಕೆಲಸದಲ್ಲೇ ಸೇರಿದೆ. ಹದಿನಾಲ್ಕು ವರ್ಷದ ನಾಯಿಯನ್ನು ತೊಡೆ ಮೇಲೆ ಇಟ್ಟುಕೊಂಡು ಅಳುತ್ತಿರುವ ಮನೆಯವರ ಎದುರು ನಾನೇ ಸೂಜಿ ಚುಚ್ಚುತ್ತೇನೆ.

ನಾನೂ ಸಸ್ಯಾಹಾರದ ಮನೆಯಲ್ಲಿ ಬೆಳೆದವಳು, ಇವತ್ತಿಗೂ ತಿನ್ನುವುದಿಲ್ಲ. ಮೊದಲ ವರ್ಷ ಅನಾಟಮಿ ಕ್ಲಾಸು ಮುಗಿಸಿ ಹಾಸ್ಟೆಲಿಗೆ ಬಂದು ಎರಡು ದಿನ ಊಟ ಬಿಟ್ಟಿದ್ದೆ. ಮನೆಗೆ ಫೋನ್ ಮಾಡಿ ಅತ್ತಾಗ ಅಮ್ಮ ಅಂದಿದ್ದು, ಆಗದಿದ್ದರೆ ಬಂದುಬಿಡು, ಆಗುತ್ತೆ ಅನ್ನಿಸಿದರೆ ಇರು, ನಮಗೋಸ್ಕರ ಎರಡೂ ಮಾಡಬೇಡ ಅಂತ. ನಾನು ಉಳಿದೆ. ಮಾಂಸಕ್ಕೆ ಹೋಗುವ ದನವೂ ಹುಟ್ಟಿದಾಗಿನಿಂದ ಕೊನೆಯ ದಿನದವರೆಗೆ ಭಯ ಇಲ್ಲದೆ, ನೋವಿಲ್ಲದೆ ಇರಬೇಕು ಅನ್ನುವವರು ಆ ಜಾಗದಲ್ಲಿ ಇರಬೇಕು ಅಂತ ನನಗೆ ಆಮೇಲೆ ಅರ್ಥವಾಯಿತು. ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ಟೆಂಪಲ್ ಗ್ರ್ಯಾಂಡಿನ್ ಕಸಾಯಿಖಾನೆಗಳ ಒಳಗೆ ಹೋಗಿ, ದನ ಬೆದರದ ಹಾಗೆ ಅವುಗಳ ದಾರಿಯನ್ನೇ ಹೊಸದಾಗಿ ಕಟ್ಟಿಸಿದವರು. ಅವರು ವೆಟ್ ಅಲ್ಲ, ಅನಿಮಲ್ ಸೈನ್ಸ್ ಪ್ರೊಫೆಸರ್. ಅವರ ಮೊದಲ ಡಿಗ್ರಿ ಸೈಕಾಲಜಿ.

ಈ ಬೇಸಿಗೆಯಲ್ಲಿ ಮಗಳು ದೊಡ್ಡ ಪ್ರಾಣಿಗಳ ವೆಟ್ ಒಬ್ಬರ ಗಾಡಿಯಲ್ಲಿ ನಾಲ್ಕು ದಿನ ಸುತ್ತಲಿ. ಸಗಣಿ, ರಕ್ತ, ಸತ್ತ ಕರು, ಅಳುವ ರೈತ, ಎಲ್ಲ ನೋಡಲಿ. ಅದಕ್ಕೂ ಮೊದಲು, ಏಪ್ರಿಲ್ ಕೊನೆಯ ಶನಿವಾರ ರಟ್ಗರ್ಸ್ ಡೇ ನಡೆಯುತ್ತದೆ, ಕುಕ್ ಕ್ಯಾಂಪಸ್ಸಿನಲ್ಲಿ ಅವತ್ತೇ ಆ್ಯಗ್ ಫೀಲ್ಡ್ ಡೇ ಅನ್ನುವ ಕೃಷಿ ಮೇಳ. ವಾರಗಟ್ಟಲೆ ಪಳಗಿಸಿದ ಕುರಿ, ಕರು, ಹಂದಿಗಳನ್ನು ಅಲ್ಲಿಯ ಮಕ್ಕಳು ಹೊರಗೆ ತಂದು ತೋರಿಸುತ್ತಾರೆ. ನಿಮ್ಮ ಮನೆಯವರನ್ನೂ, ಭಾವನನ್ನೂ ಕರೆದುಕೊಂಡು ಹೋಗಿ. ಹಗ್ಗ ಹಿಡಿದು ನಿಂತಿರುವ ಆ ಮಕ್ಕಳ ಹತ್ತಿರ ನಿಮ್ಮ ಮಗಳೇ ಹೋಗಿ ಮಾತಾಡಲಿ. ಆಗ ನೀವೆಲ್ಲ ಸ್ವಲ್ಪ ದೂರ ನಿಂತಿರಿ.